ಮಾತಿನ ಗರಡಿ



ಸಭೆಯಲ್ಲಿ ಎದ್ದು ನಿಂತು ಮಾತನಾಡಬೇಕಾಗಿ ಬಂದಾಗ ನಾಲಿಗೆ ಒಣಗುವುದು, ಮೊಣಕಾಲು ನಡುಗುವುದು, ರಾತ್ರಿಯೆಲ್ಲ ಗಟ್ಟಿಮಾಡಿದ್ದ ವಾಕ್ಯವು ಮೊದಲನೆಯ ಪದದಲ್ಲಿಯೇ ಕೈಕೊಡುವುದು, ಈ ಅವಸ್ಥೆಗೆ ನಮ್ಮ ಹಿರಿಯರು ಸಭಾಕಂಪವೆಂದು ಹೆಸರಿಟ್ಟಿದ್ದಾರೆ. ಹೆಸರಿದೆಯೆಂದ ಮೇಲೆ ಬೇನೆ ಹೊಸದಲ್ಲವೆಂದಾಯಿತು. ರೋಮಿನ ಮಹಾವಾಗ್ಮಿಯಾದ ಸಿಸಿರೋ, ವಾಗ್ಮಿತೆಯನ್ನು ಕುರಿತು ತಾನು ಬರೆದ ಸಂವಾದಗ್ರಂಥದಲ್ಲಿ, ತನಗಿಂತ ಹಿಂದಿನ ತಲೆಮಾರಿನ ಪ್ರಸಿದ್ಧ ನ್ಯಾಯವಾದಿಯಾದ ಕ್ರಾಸಸ್ಸನ ಬಾಯಿಂದಲೇ ಒಂದು ಮಾತನ್ನು ಹೇಳಿಸಿದ್ದಾನೆ: ಭಾಷಣವನ್ನು ಆರಂಭಿಸುವಾಗ ತನ್ನ ಮುಖವು ಬಿಳಿಚಿಕೊಳ್ಳುವುದೆಂದೂ, ಮೈಯೆಲ್ಲ ಕಂಪಿಸುವುದೆಂದೂ. ದೇಶಕ್ಕೆ ದೇಶವೇ ಕಿವಿಗೊಟ್ಟು ಕೇಳುತ್ತಿದ್ದ ಮನುಷ್ಯನ ಪಾಡು ಇದಾದರೆ ಉಳಿದವರ ಪಾಡನ್ನು ಕೇಳಬೇಕೆ?

ಆದರೂ ನಮ್ಮ ಜನರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಮಾತೆಂಬುದು ಹುಟ್ಟಿನಿಂದ ಬರತಕ್ಕದ್ದು, ಕೆಲವರಿಗೆ ದೈವವು ಕೊಟ್ಟಿರುತ್ತದೆ, ಮಿಕ್ಕವರು ಕೇಳುವುದಕ್ಕೆಂದೇ ಹುಟ್ಟಿದವರು ಎಂಬುದೇ ಆ ನಂಬಿಕೆ. ಸಂಗೀತಕ್ಕೆ ಗುರುವುಂಟು, ಈಜಿಗೆ ಬಾವಿಯುಂಟು, ಲೆಕ್ಕಕ್ಕೆ ಮಗ್ಗಿಯುಂಟು. ಸಭೆಯಲ್ಲಿ ನಾಲ್ಕು ಮಾತು ಆಡುವುದಕ್ಕೆ ಮಾತ್ರ ಯಾವ ಅಭ್ಯಾಸವೂ ಬೇಡವೆಂದು ನಾವು ಭಾವಿಸಿದ್ದೇವೆ. ಈ ಭಾವನೆಯಿಂದ ಆಗುತ್ತಿರುವ ನಷ್ಟವು ಕೇವಲ ಅಲಂಕಾರದ ನಷ್ಟವಲ್ಲ.

ಒಂದು ಊರಿನ ಗ್ರಾಮಸಭೆಯನ್ನು ನೆನೆಯೋಣ. ಕೆರೆಯ ತೂಬು ಎಲ್ಲಿ ಸೋರುತ್ತಿದೆಯೆಂಬುದು ಊರಿನಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತು. ಅವನ ಗದ್ದೆ ಆ ತೂಬಿನ ಕೆಳಗೇ ಇದೆ. ಸಭೆ ಸೇರಿದೆ. ಅವನು ಹಿಂದಿನ ಸಾಲಿನಲ್ಲಿ ಕುಳಿತು, ತಿಳಿದದ್ದನ್ನೆಲ್ಲ ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತ ಮತ್ತೊಬ್ಬನು, ತೂಬಿನ ಹತ್ತಿರ ಎಂದೂ ಸುಳಿಯದವನು, ಎದ್ದು ನಿಂತು ನಿರರ್ಗಳವಾಗಿ ಮಾತನಾಡುತ್ತಾನೆ. ಠರಾವು ಪುಸ್ತಕಕ್ಕೆ ಏರುತ್ತದೆ. ಸಭೆ ಮುಗಿದ ಬಳಿಕ ಅರಳಿಕಟ್ಟೆಯ ಮೇಲೆ ನಮ್ಮ ಹಿಂದಿನ ಸಾಲಿನವನು ಎಂಥ ಸೊಗಸಾದ ಭಾಷಣವನ್ನು ಮಾಡುತ್ತಾನೆಂಬುದನ್ನು ಕೇಳಬೇಕು! ವಿಷಯದ ಪೂರ್ವಾಪರ, ಖರ್ಚಿನ ಅಂದಾಜು, ನಡುವೆ ಒಂದು ಗಾದೆ, ಕೊನೆಗೆ ಒಂದು ಚುಚ್ಚುಮಾತು, ಯಾವುದಕ್ಕೂ ಕೊರತೆಯಿಲ್ಲ. ಆದರೆ ನೀರು ಹೋಗುವುದು ಠರಾವಿನ ದಾರಿಯಲ್ಲಿಯೇ ಹೊರತು ಕಟ್ಟೆಯ ಮಾತಿನ ದಾರಿಯಲ್ಲಲ್ಲ. ಹಾಲಿನ ಸಂಘದ ವಾರ್ಷಿಕ ಸಭೆಯಲ್ಲಿಯೂ, ಶಾಲೆಯ ಪೋಷಕರ ಸಭೆಯಲ್ಲಿಯೂ ನಡೆಯುವುದು ಇದೇ. ಮಾತು ಬಾರದವನಿಗೆ ಅರಳಿಕಟ್ಟೆಯ ಮೇಲೆ ಮಾತು ಬರುತ್ತದೆ, ಸಭೆಯಲ್ಲಿ ಬಾರದು. ಇದರಿಂದ ಅವನಲ್ಲಿ ಇಲ್ಲದ್ದು ಮಾತಲ್ಲ, ಎದ್ದು ನಿಲ್ಲುವ ಅಭ್ಯಾಸವೆಂಬುದು ಸ್ಪಷ್ಟವಾಗಿದೆ.

ಅಭ್ಯಾಸವೆಂದಾಗ ಎಲ್ಲರೂ ಗ್ರೀಸ್ ದೇಶದ ಡೆಮಾಸ್ತನೀಸನ ಕಥೆಯನ್ನು ಹೇಳುವುದುಂಟು. ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ನಾಲಿಗೆಯನ್ನು ಪಳಗಿಸಿದನು, ನೆಲಮನೆಯೊಂದನ್ನು ಮಾಡಿಕೊಂಡು, ಹೊರಗೆ ಹೋಗಲು ನಾಚಿಕೆಯಾಗಲೆಂದು ತಲೆಯ ಒಂದು ಪಕ್ಕವನ್ನು ಬೋಳಿಸಿಕೊಂಡು ತಿಂಗಳುಗಟ್ಟಲೆ ಸಾಧನೆ ಮಾಡಿದನು ಎಂದು ಪ್ಲೂಟಾರ್ಕನು ಬರೆದಿದ್ದಾನೆ. ಕಲ್ಲಿನ ಕಥೆ ಎಲ್ಲರಿಗೂ ನೆನಪಿದೆ. ಅದೇ ಪ್ಲೂಟಾರ್ಕನು ಹೇಳಿರುವ ಇನ್ನೊಂದು ಸಂಗತಿ ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ. ಜನರ ತಿರಸ್ಕಾರಕ್ಕೆ ಗುರಿಯಾಗಿ, ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ ಡೆಮಾಸ್ತನೀಸನನ್ನು ಸಾಟಿರಸ್ ಎಂಬ ನಟನೊಬ್ಬನು ಹಿಂಬಾಲಿಸಿ, ನಾಟಕದ ಒಂದು ಭಾಗವನ್ನು ಹೇಳಿಸಿ ಕೇಳಿ, ಬಳಿಕ ಅದೇ ಭಾಗವನ್ನು ತಾನು ಹಾವಭಾವಗಳಿಂದ ಹೇಳಿ ತೋರಿಸಿದನು. ಅದೇ ಪದಗಳು ಬೇರೆಯೇ ಆಗಿ ಕೇಳಿಸಿದವು. ನೆಲಮನೆಯ ಸಾಧನೆ ನಡೆದದ್ದು ಇದರ ತರುವಾಯ. ಎಂದಮೇಲೆ ಆ ವಾಗ್ಮಿಯನ್ನು ತಿದ್ದಿದ್ದು ಕಲ್ಲಿಗಿಂತ ಮೊದಲು ಒಂದು ಕಿವಿ. ಕೇಳಿ, ತಾಳ್ಮೆಯಿಂದ ಹೇಳಿಕೊಟ್ಟ ಒಬ್ಬ ಮನುಷ್ಯ. ಕನ್ನಡಿಯ ಮುಂದೆ ನಿಂತು ಎಷ್ಟು ವರ್ಷ ಮಾತನಾಡಿದರೂ ಕನ್ನಡಿಯು ನಿಮ್ಮ ತಪ್ಪನ್ನು ನಿಮಗೆ ಹೇಳಲಾರದು. ನಾನು ಈ ದಿನ ಹೇಳಬೇಕೆಂದಿರುವುದೂ ಇಷ್ಟೆ: ಮಾತುಗಾರನನ್ನು ಮಾಡುವುದು ಕೇಳುಗರ ಕೂಟ, ಅದೂ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ತಪ್ಪದೆ ಸೇರುವ ಸಣ್ಣ ಕೂಟ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ದೂರದ ಉಪಮಾನ ಬೇಡ. ಮೈಸೂರಿನಲ್ಲಿ ದಸರೆಯ ಕುಸ್ತಿಗೆ ಅಖಾಡಕ್ಕೆ ಇಳಿಯುವ ಪೈಲ್ವಾನನು ವರ್ಷವೆಲ್ಲ ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿ ಬಂದವನು. ದಿನವೂ ತನ್ನ ಜೊತೆಯವರಿಂದ ಬೀಳಿಸಿಕೊಂಡು, ಬಿದ್ದದ್ದು ಹೇಗೆಂದು ಉಸ್ತಾದನಿಂದ ಕೇಳಿಕೊಂಡು, ಮತ್ತೆ ಎದ್ದವನು. ಗರಡಿಯಲ್ಲಿ ಬಿದ್ದರೆ ಅವಮಾನವಿಲ್ಲ. ಬೀಳುವುದಕ್ಕೆಂದೇ ಅಲ್ಲಿ ಮಣ್ಣನ್ನು ಮೆತ್ತಗೆ ಮಾಡಿರುತ್ತಾರೆ. ಇನ್ನು ಅದೇ ದಸರೆಯ ಮತ್ತೊಂದು ಅಖಾಡವನ್ನು ನೋಡಿರಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯು ಮೊಟ್ಟಮೊದಲು ಸೇರಿದಾಗ 144 ಮಂದಿ ಪ್ರತಿನಿಧಿಗಳು ಅದರಲ್ಲಿದ್ದರು. ದಸರೆಯ ಸಮಯದಲ್ಲಿ ಸೇರುವ ಸಭೆ; ದಿವಾನರ ಮುಂದೆ ತಂತಮ್ಮ ಸೀಮೆಯ ಕಷ್ಟಸುಖಗಳನ್ನು ಅರಿಕೆಮಾಡಿಕೊಳ್ಳಬೇಕು. ಭಾರತದ ಸಂಸ್ಥಾನಗಳಲ್ಲಿ ಅಂಥ ಸಭೆ ಹೊಸದು; ಅದನ್ನು ಕರೆದವರ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಲ್ಲುವುದು. ಆದರೆ ಕುಸ್ತಿಯ ಪೈಲ್ವಾನನಿಗೆ ಗರಡಿಯಿತ್ತು; ತಾಲ್ಲೂಕಿನಿಂದ ಗಾಡಿ ಕಟ್ಟಿಕೊಂಡು ಬಂದ ರೈತ ಪ್ರತಿನಿಧಿಗೆ ಮಾತಿನ ಗರಡಿ ಎಲ್ಲಿತ್ತು? ಅಖಾಡವನ್ನು ಕಟ್ಟುವುದು ದೊರೆಗಳಿಗೂ ದಿವಾನರಿಗೂ ಸಾಧ್ಯ. ಗರಡಿಯನ್ನು ಮಾತ್ರ ಊರಿನವರೇ ಕಟ್ಟಿಕೊಳ್ಳಬೇಕು.

ಅಂಥ ಗರಡಿಯನ್ನು ಕಟ್ಟಿದ ಒಬ್ಬರ ವೃತ್ತಾಂತವನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆಯಾಗಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬ್ಲೂಮಿಂಗ್‌ಟನ್ ಎಂಬ ಊರು. ಅಲ್ಲಿ ವೈ.ಎಂ.ಸಿ.ಎ. ಎಂದು ಪ್ರಸಿದ್ಧವಾದ ಕ್ರೈಸ್ತ ತರುಣರ ಸಂಘದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಶಿಕ್ಷಣ ವಿಭಾಗದ ಮೇಲ್ವಿಚಾರಣೆಗೆ ನೇಮಕವಾಗಿದ್ದರು. ಸಂಘಕ್ಕೆ ಬರುತ್ತಿದ್ದ ಹುಡುಗರು ಬುದ್ಧಿವಂತರೇ. ಆದರೆ ಸಭೆಯಲ್ಲಿ ಮಾತನಾಡಲು, ಅಧ್ಯಕ್ಷತೆ ವಹಿಸಲು, ಒಂದು ಚರ್ಚೆಯನ್ನು ಕ್ರಮವಾಗಿ ನಡೆಸಲು ಅವರಿಗೆ ಬಾರದೆಂಬುದನ್ನು ಸ್ಮೆಡ್ಲಿ ಕಂಡರು. 1905ರಲ್ಲಿ ಒಂದು ಕೂಟವನ್ನು ಏರ್ಪಡಿಸಿದರು. ಪಾಶ್ಚಾತ್ಯರ ಔತಣಗಳಲ್ಲಿ ಅತಿಥಿಗಳ ಆರೋಗ್ಯವನ್ನು ಹಾರೈಸಿ ಲೋಟವನ್ನೆತ್ತುವುದಕ್ಕೆ ಟೋಸ್ಟ್ ಎನ್ನುತ್ತಾರೆ. ಯಾರು ಯಾವಾಗ ಮಾತನಾಡಬೇಕೆಂದು ಸಾರುವವನು ಟೋಸ್ಟ್ ಮಾಸ್ಟರ್. ಹುಡುಗರಿಗೆ ಅಂಜಿಕೆ ಹುಟ್ಟಿಸದ, ಊಟದ ಮನೆಯ ಸಲಿಗೆಯನ್ನು ಸೂಚಿಸುವ ಆ ಹೆಸರನ್ನೇ ಕೂಟಕ್ಕೆ ಇಟ್ಟರು.

ಮುಂದೆ ಆದದ್ದು ಗಮನಿಸತಕ್ಕ ವಿಷಯ. ಸ್ಮೆಡ್ಲಿಯವರಿಗೆ ಬೇರೆ ಊರಿಗೆ ವರ್ಗವಾಯಿತು, ಆಮೇಲೆ ಮತ್ತೊಂದೂರಿಗೆ. ಹೋದೆಡೆಯಲ್ಲೆಲ್ಲ ಇಂಥ ಕೂಟವನ್ನು ಆರಂಭಿಸುವರು. ಅವರು ಊರು ಬಿಟ್ಟೊಡನೆ ಕೂಟವು ಸೊರಗುವುದು. ನಮ್ಮಲ್ಲಿ ಇಂಥ ಸಂಘಗಳ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು: ಒಬ್ಬ ಉತ್ಸಾಹಿ ಮೇಷ್ಟರು ಇರುವವರೆಗೆ ಸಂಘ, ಅವರ ವರ್ಗವಾದ ದಿನ ಬೀಗ. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯದ ಸ್ಯಾಂಟಾ ಆನಾ ಪಟ್ಟಣದಲ್ಲಿ, ವೈ.ಎಂ.ಸಿ.ಎ. ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿದ ಕೂಟವು ಮಾತ್ರ ನಿಂತಿತು. ನೆರೆಯೂರಿನವರು ಬಂದು ನೋಡಿ ತಮ್ಮಲ್ಲಿಯೂ ಸ್ಥಾಪಿಸಿಕೊಂಡರು. 1932ರಲ್ಲಿ ಈ ಕೂಟಗಳ ಒಕ್ಕೂಟವು ಕಾಯಿದೆಯ ಪ್ರಕಾರ ನೋಂದಣಿಯಾಯಿತು. 1965ರಲ್ಲಿ ಸ್ಮೆಡ್ಲಿಯವರು ತೀರಿಕೊಂಡರೂ ಕೂಟಗಳು ತೀರಿಕೊಳ್ಳಲಿಲ್ಲ. ಈಗ 140ಕ್ಕೂ ಹೆಚ್ಚು ದೇಶಗಳಲ್ಲಿ ಅವು ನಡೆಯುತ್ತಿವೆ, ಬೆಂಗಳೂರಿನಲ್ಲಿಯೂ ಹಲವು ಇವೆ. ಒಬ್ಬರ ಮೇಲೆ ನಿಲ್ಲದೆ ಸರದಿಯ ಮೇಲೆ ನಿಲ್ಲುವ ಕ್ರಮವೇ ಅವುಗಳನ್ನು ಉಳಿಸಿತೆಂದು ನನಗೆ ತೋರುತ್ತದೆ. ಆ ಕ್ರಮವನ್ನು ಈಗ ನೋಡೋಣ.

ವಾರಕ್ಕೊಮ್ಮೆ ಇಲ್ಲವೆ ಎರಡು ವಾರಕ್ಕೊಮ್ಮೆ, ಗಂಟೆ ಎರಡು ಗಂಟೆಯ ಸಭೆ. ಸೇರುವವರು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಜನ. ಗುರುವಿಲ್ಲ, ಉಪಾಧ್ಯಾಯರಿಲ್ಲ, ಪ್ರತಿ ಸಭೆಗೂ ಅಧ್ಯಕ್ಷನು ಬೇರೆ. ಮೊದಲೇ ಸಿದ್ಧಮಾಡಿಕೊಂಡ ಭಾಷಣಗಳು ಎರಡೋ ಮೂರೋ ಇರುತ್ತವೆ, ಒಂದೊಂದಕ್ಕೆ ವಾಡಿಕೆಯಾಗಿ ಐದರಿಂದ ಏಳು ನಿಮಿಷ. ಹೊಸಬನ ಮೊದಲ ಭಾಷಣದ ವಿಷಯವು ಅವನೇ: ತನ್ನ ಊರು, ತನ್ನ ಕಸುಬು, ತನ್ನ ಬಾಲ್ಯ. ಇದು ಬಹಳ ಜಾಣತನದ ಏರ್ಪಾಡು. ಏಕೆಂದರೆ ಆ ಒಂದು ವಿಷಯದಲ್ಲಿ ಸಭೆಯಲ್ಲಿರುವ ಯಾರೂ ಅವನಿಗಿಂತ ಹೆಚ್ಚು ಬಲ್ಲವರಲ್ಲ. ಬಳಿಕ ಆಶುಭಾಷಣ. ಒಬ್ಬನು ವಿಷಯವನ್ನು ಸಾರುತ್ತಾನೆ, ಹೆಸರು ಕೂಗುತ್ತಾನೆ; ಕೂಗಿಸಿಕೊಂಡವನು ಎದ್ದು, ಇದ್ದ ನಿಲುವಿನಲ್ಲಿಯೇ, ಒಂದೆರಡು ನಿಮಿಷ ಮಾತನಾಡಬೇಕು. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನವನಿಗೆ ಬೇಕಾದ ಸಾಮು ಇದೇ. ಅಲ್ಲಿ ಯಾರೂ ಹದಿನೈದು ದಿನ ಮೊದಲೇ ಪ್ರಶ್ನೆಯನ್ನು ಬರೆದು ಕಳುಹಿಸುವುದಿಲ್ಲವಷ್ಟೆ.

ಹೊತ್ತನ್ನು ನೋಡುವುದಕ್ಕೆ ಒಬ್ಬನಿರುತ್ತಾನೆ. ಐದು ನಿಮಿಷಕ್ಕೆ ಹಸುರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಕೆಂಪು ದೀಪ ಉರಿದಮೇಲೆ ಮಾತು ಮುಗಿಯಬೇಕು, ಮಾತನಾಡುವವನು ಎಷ್ಟೇ ದೊಡ್ಡವನಾಗಿರಲಿ. ಈ ದೀಪಗಳನ್ನು ನಮ್ಮ ನಾಡಿನ ಸಮಾರಂಭಗಳಿಗೂ ತರಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ. ಸ್ವಾಗತಭಾಷಣವೆಂದು ನಿಂತವರು ಮುಖ್ಯ ಉಪನ್ಯಾಸವನ್ನೇ ಮುಗಿಸಿಬಿಡುವುದು, ಅಧ್ಯಕ್ಷರು ಹೊತ್ತಾಯಿತೆಂದು ಹೇಳುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುವುದು, ವಂದನಾರ್ಪಣೆಯು ಬರುವ ವೇಳೆಗೆ ಜಮಖಾನ ಸುತ್ತುವವರು ಮಾತ್ರ ಉಳಿದಿರುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಹೊತ್ತಿಗೆ ಸರಿಯಾಗಿ ಮುಗಿದ ಸಭೆಯನ್ನು ಕಂಡರೆ ಏನೋ ಅಪಶಕುನವಾಯಿತೆಂಬಂತೆ ಜನರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ಇನ್ನೊಬ್ಬನ ಕೆಲಸ ಮತ್ತೂ ವಿಚಿತ್ರವಾದದ್ದು. ಭಾಷಣಕಾರನು ನಡುನಡುವೆ ಎಷ್ಟು ಸಾರಿ 'ಆ' ಎಂದನು, 'ಊಂ' ಎಂದನು, ಪದಕ್ಕೆ ತಡಕಾಡಿ ಬೇಡದ ಪದವನ್ನು ತುಂಬಿದನು ಎಂಬುದನ್ನು ಅವನು ಎಣಿಸಿ, ಸಭೆಯ ಕೊನೆಯಲ್ಲಿ ಲೆಕ್ಕವನ್ನು ಓದುತ್ತಾನೆ. ಕನ್ನಡಕ್ಕೆ ಇಂಥ ಎಣಿಕೆಯವನನ್ನು ನೇಮಿಸಿದರೆ ಅವನಿಗೆ ಕೆಲಸವೇನೂ ಕಡಮೆಯಾಗದು. 'ಏನಪ್ಪಾ ಅಂದರೆ', 'ಅಂದರೆ', 'ಮತ್ತೆ ಇನ್ನೊಂದು', ಇವು ಮನೆಯ ಮಾತಿನವು. ವೇದಿಕೆಯನ್ನು ಹತ್ತಿದವರಿಗೆ ಬೇರೆಯೇ ಒಂದಿದೆ: 'ಈ ಒಂದು'. ಈ ಒಂದು ಸಂದರ್ಭದಲ್ಲಿ, ಈ ಒಂದು ಸಭೆಯಲ್ಲಿ, ಈ ಒಂದು ವಿಚಾರವನ್ನು. ಎರಡನೆಯದು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಆಡುವವನ ಕಿವಿಗೆ ಅದು ಬೀಳುವುದೇ ಇಲ್ಲ. ಇಪ್ಪತ್ತಮೂರು ಸಾರಿ ಹೇಳಿದಿರೆಂದು ಸ್ನೇಹಿತನೊಬ್ಬನು ನಗುತ್ತ ಓದಿ ಹೇಳಿದ ದಿನ ಮೊದಲಾಗಿ ಬೀಳತೊಡಗುತ್ತದೆ.

ಇವೆಲ್ಲಕ್ಕಿಂತಲೂ ಮುಖ್ಯವಾದದ್ದು ವಿಮರ್ಶೆ. ಪ್ರತಿಯೊಂದು ಭಾಷಣಕ್ಕೂ ಒಬ್ಬ ವಿಮರ್ಶಕನನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಅವನು ಎದ್ದು, ಎರಡು ಮೂರು ನಿಮಿಷಗಳಲ್ಲಿ, ಎಲ್ಲರೆದುರಿಗೆ, ಭಾಷಣದಲ್ಲಿ ಚೆನ್ನಾಗಿದ್ದುದಾವುದು, ತಿದ್ದಿಕೊಳ್ಳಬೇಕಾದುದಾವುದು ಎಂಬುದನ್ನು ಹೇಳಬೇಕು. ವಿಮರ್ಶಕನು ಪಂಡಿತನಲ್ಲ, ಮುಂದಿನ ಸಭೆಯಲ್ಲಿ ಅವನೇ ಭಾಷಣಕಾರ, ಇಂದಿನ ಭಾಷಣಕಾರನೇ ವಿಮರ್ಶಕನಾದರೂ ಆದಾನು. ಆದಕಾರಣ ನಾಲಿಗೆಗೆ ಹಿಡಿತವೂ ಉಂಟು, ಹೇಳಿಕೆಗೆ ಬೆಲೆಯೂ ಉಂಟು.

ನಮ್ಮ ನಾಡಿನಲ್ಲಿ ಈ ಭಾಗವೇ ಕಷ್ಟವಾದದ್ದು. ಮುಖದೆದುರಿಗೆ ಹೊಗಳಿಕೆ, ಬೆನ್ನ ಹಿಂದೆ ತೆಗಳಿಕೆ, ಇವೆರಡೇ ನಮಗೆ ತಿಳಿದ ವಿಮರ್ಶೆಗಳು. ಭಾಷಣ ಹೇಗಿತ್ತೆಂದು ಕೇಳಿದರೆ 'ಬಹಳ ಚೆನ್ನಾಗಿತ್ತು' ಎಂಬ ಉತ್ತರ ಬರುತ್ತದೆ. ಯಾವುದು ಚೆನ್ನಾಗಿತ್ತೆಂದು ಮತ್ತೆ ಕೇಳಿದರೆ ಮಾತನಾಡಿದವನಿಗೂ ಕೇಳಿದವನಿಗೂ ಇರುಸುಮುರುಸು. ವಯಸ್ಸಿನಲ್ಲಿ ಹಿರಿಯರಾದವರ ತಪ್ಪನ್ನು ಕಿರಿಯನು ಎತ್ತಿ ಹೇಳಬಾರದೆಂಬ ಮರ್ಯಾದೆಯೂ ನಮ್ಮಲ್ಲಿದೆ. ಮನೆಯಲ್ಲಿ ಅದಕ್ಕೆ ಅರ್ಥವುಂಟು, ಗರಡಿಯಲ್ಲಿ ಇಲ್ಲ. ಹಿರಿಯ ಪೈಲ್ವಾನನ ಕಾಲು ಸಡಿಲವಾಗಿದ್ದರೆ ಹುಡುಗನು ಅಲ್ಲಿಯೇ ಪಟ್ಟು ಹಾಕುತ್ತಾನೆ, ಹಿರಿಯನು ಮಣ್ಣು ಕೊಡವಿಕೊಂಡು ಎದ್ದು ಅವನ ಬೆನ್ನು ತಟ್ಟುತ್ತಾನೆ. ವಿಮರ್ಶೆಯಲ್ಲಿ ಒಂದು ನಿಯಮವನ್ನು ಮಾತ್ರ ಬಿಡಬಾರದು: ಮನುಷ್ಯನನ್ನು ಕುರಿತು ಏನನ್ನೂ ಹೇಳಕೂಡದು, ಮಾತನ್ನು ಕುರಿತು ಗೊತ್ತಾಗುವಂತೆ ಹೇಳಬೇಕು. 'ನಿಮ್ಮ ಧ್ವನಿ ಸರಿಯಿಲ್ಲ' ಎಂಬುದು ವಿಮರ್ಶೆಯಲ್ಲ. 'ಪ್ರತಿ ವಾಕ್ಯದ ಕೊನೆಯ ಕ್ರಿಯಾಪದವನ್ನು ನುಂಗಿಬಿಟ್ಟಿರಿ; ಹಿಂದೆ ಕುಳಿತ ನನಗೆ, ಕೆಲಸ ಆಯಿತೋ ಆಗಲಿಲ್ಲವೋ ತಿಳಿಯಲಿಲ್ಲ' ಎಂಬುದು ವಿಮರ್ಶೆ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರತಕ್ಕದ್ದಾದುದರಿಂದ, ಉಸಿರು ಮುಗಿಯುವಲ್ಲಿ ಅರ್ಥವೂ ಮುಗಿದುಹೋಗುವ ಈ ದೋಷವು ನಮ್ಮವರಲ್ಲಿ ಬಹಳ.

ಸಭೆಯಲ್ಲಿ ಬಾಯಿ ಬಾರದಿದ್ದರೆ ಏನಾಗುತ್ತದೆ, ಕೂಟದಿಂದ ಏನಾಗಬಹುದು ಎಂಬೆರಡಕ್ಕೂ ಮಹಾತ್ಮಾ ಗಾಂಧಿಯವರ ಆತ್ಮಕಥೆಯಲ್ಲಿಯೇ ನಿದರ್ಶನಗಳಿವೆ. 1888ರಿಂದ 1891ರವರೆಗೆ ಅವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಶಾಕಾಹಾರಿಗಳ ಸಂಘದ ಕಾರ್ಯಸಮಿತಿಗೆ ಆಯ್ಕೆಯಾದರು. ಸಭೆಗಳಿಗೆ ತಪ್ಪದೆ ಹೋಗುವರು, ತುಟಿ ಮಾತ್ರ ಬಿಚ್ಚುವುದಿಲ್ಲ. ಒಮ್ಮೆ ಅಲಿನ್ಸನ್ ಎಂಬ ವೈದ್ಯರನ್ನು, ಸಂತಾನನಿಯಂತ್ರಣವನ್ನು ಕುರಿತ ಅವರ ಅಭಿಪ್ರಾಯಗಳ ಕಾರಣದಿಂದ, ಸಂಘದಿಂದ ತೆಗೆದುಹಾಕಬೇಕೆಂಬ ಪ್ರಸ್ತಾಪ ಬಂದಿತು. ಆ ಅಭಿಪ್ರಾಯಗಳು ಗಾಂಧಿಯವರಿಗೂ ಒಪ್ಪಿಗೆಯಿರಲಿಲ್ಲ. ಆದರೆ ಶಾಕಾಹಾರದ ಸಂಘದಿಂದ ಬೇರೊಂದು ವಿಷಯದ ಅಭಿಪ್ರಾಯಕ್ಕಾಗಿ ಒಬ್ಬರನ್ನು ಹೊರಹಾಕುವುದು ಅನ್ಯಾಯವೆಂದು ಅವರಿಗೆ ತೋರಿತು. ವಾದವನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋದರು. ಓದುವುದಕ್ಕೆ ಧೈರ್ಯ ಸಾಲಲಿಲ್ಲ. ಅಧ್ಯಕ್ಷರು ಅದನ್ನು ಬೇರೊಬ್ಬರಿಂದ ಓದಿಸಿದರು. ಅಲಿನ್ಸನ್‌ರ ಪಕ್ಷ ಸೋತಿತು. ಗಾಂಧಿಯವರೇ ಓದಿದ್ದರೆ ಗೆಲ್ಲುತ್ತಿತ್ತೆಂದು ಹೇಳಲಾಗದು. ನ್ಯಾಯದ ಪಕ್ಷವೆಂದು ತಾನು ನಂಬಿದ್ದಕ್ಕೆ ಬೇರೊಬ್ಬರ ಧ್ವನಿಯನ್ನು ಎರವಲು ಪಡೆಯಬೇಕಾಗಿ ಬಂದಿತೆಂಬುದಂತೂ ನಿಜ.

1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಅಲ್ಲಿಯ ಭಾರತೀಯ ವ್ಯಾಪಾರಿಗಳನ್ನು ಒಂದೆಡೆ ಸೇರಿಸಿ, ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸುವುದನ್ನು ಕುರಿತು ಮಾತನಾಡಿದರು. ಅದನ್ನೇ ಅವರು ತಮ್ಮ ಜೀವನದ ಮೊದಲನೆಯ ಸಾರ್ವಜನಿಕ ಭಾಷಣವೆಂದು ಕರೆದಿದ್ದಾರೆ. ಅಷ್ಟಕ್ಕೇ ನಿಲ್ಲಲಿಲ್ಲ, ಅಂಥ ಸಭೆಗಳು ಆಗಾಗ ತಪ್ಪದೆ ಸೇರುವಂತೆ ಏರ್ಪಾಡಾಯಿತು. ಮರುವರ್ಷ, 1894ರಲ್ಲಿ, ಭಾರತೀಯರ ಮತದ ಹಕ್ಕನ್ನು ಕಿತ್ತುಕೊಳ್ಳುವ ಮಸೂದೆ ನೇಟಾಲಿನಲ್ಲಿ ಹುಟ್ಟಿದಾಗ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾಯಿತು. ಅದರ ಸಭೆಗಳನ್ನು ಕುರಿತು ಅವರು ಬರೆದಿರುವುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಸದಸ್ಯರಿಗೆ ಸಭೆಯಲ್ಲಿ ಚರ್ಚಿಸಿ ಅಭ್ಯಾಸವಿರಲಿಲ್ಲ. ಚುಟುಕಾಗಿ, ವಿಷಯಕ್ಕೆ ಕಟ್ಟುಬಿದ್ದು ಮಾತನಾಡುವುದಂತೂ ಯಾರಿಗೂ ತಿಳಿಯದು. ಎದ್ದು ನಿಲ್ಲುವುದಕ್ಕೇ ಎಲ್ಲರೂ ಹಿಂಜರಿಯುವರು. ಗಾಂಧಿಯವರು ಸಭೆಯ ನಿಯಮಗಳನ್ನು ವಿವರಿಸಿ ಹೇಳಿದರು. ಜನರು ಅದನ್ನು ಒಂದು ವಿದ್ಯೆಯೆಂದೇ ಭಾವಿಸಿ ಕಲಿತರು. ಎಂದೂ ಸಭೆಯ ಮುಂದೆ ಬಾಯಿ ತೆರೆಯದಿದ್ದವರು ಸಾರ್ವಜನಿಕ ವಿಷಯಗಳನ್ನು ಕುರಿತು ಯೋಚಿಸುವುದಕ್ಕೂ ಮಾತನಾಡುವುದಕ್ಕೂ ತೊಡಗಿದರು. ಯೋಚಿಸುವುದಕ್ಕೂ ಎಂಬುದನ್ನು ಗಮನಿಸಿರಿ. ಮಾತನಾಡಬೇಕಾದೀತೆಂದು ತಿಳಿದವನು ಸಭೆಗೆ ಬರುವ ಮೊದಲೇ ಯೋಚಿಸಿಕೊಂಡು ಬರುತ್ತಾನೆ.

ತಮ್ಮ ಸಂಕೋಚವು ತಮಗೆ ಮಾತಿನಲ್ಲಿ ಮಿತವ್ಯಯವನ್ನು ಕಲಿಸಿತೆಂದೂ ಗಾಂಧಿಯವರು ಹೇಳಿಕೊಂಡಿದ್ದಾರೆ. ಮಾತಿನ ಕೂಟಗಳನ್ನು ನಡೆಸುವವರು ಇದನ್ನು ಮರೆಯಬಾರದು. ಈ ಕೂಟಗಳಲ್ಲಿ ಬಹುಕಾಲ ಪಳಗಿದವರಲ್ಲಿ ಕೆಲವರಿಗೆ ಒಂದು ಬಗೆಯ ಒಪ್ಪ ಬಂದುಬಿಡುತ್ತದೆ: ಒಂದೇ ರೀತಿಯ ನಗು, ಒಂದೇ ರೀತಿಯ ಕೈಬೀಸು, ಯಾವ ವಿಷಯಕ್ಕಾದರೂ ಹೊಂದುವ ಮೂರು ಭಾಗಗಳ ಭಾಷಣ. ನಯವಾಗಿ ಜಾರುವ ಮಾತು ಯಾವಾಗಲೂ ಸತ್ಯದ ಕಡೆಗೇ ಜಾರುವುದೆಂಬ ಭರವಸೆಯಿಲ್ಲ. ಮಾತಿನ ಅಭ್ಯಾಸದ ಜೊತೆಗೆ ವಿಷಯದ ಅಭ್ಯಾಸವೂ ನಡೆಯಬೇಕು. ಬೆಂಗಳೂರಿನಲ್ಲಿ 1945ರಲ್ಲಿ ಡಿ.ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಹಿಡಿದದ್ದು ಈ ಎರಡನೆಯ ದಾರಿಯನ್ನು. ಎರಡೂ ದಾರಿಗಳು ಕೂಡುವುದು ಒಳ್ಳೆಯದು.

ಅಮೆರಿಕದ ಆ ಕೂಟಗಳ ಮತ್ತೊಂದು ಕುಂದನ್ನೂ ಹೇಳಬೇಕು. 1973ರವರೆಗೆ ಅಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, ಹೆಲೆನ್ ಬ್ಲ್ಯಾಂಚರ್ಡ್ ಎಂಬಾಕೆಯು ಹೋಮರ್ ಎಂಬ ಗಂಡಸಿನ ಹೆಸರಿನಲ್ಲಿ ಸೇರಿಕೊಳ್ಳಬೇಕಾಯಿತು. 1985ರಲ್ಲಿ ಆಕೆಯೇ ಇಡೀ ಒಕ್ಕೂಟಕ್ಕೆ ಅಧ್ಯಕ್ಷೆಯಾದಳು. ಮಾತಿನ ಗರಡಿಗೆ ಯಾರನ್ನು ಬಿಡುತ್ತಾರೆ, ಯಾರನ್ನು ಬಾಗಿಲಲ್ಲಿ ತಡೆಯುತ್ತಾರೆ ಎಂಬುದರ ಮೇಲೆ ಮುಂದೆ ಯಾರ ಮಾತು ನಡೆಯುವುದೆಂಬುದು ನಿಂತಿದೆ.

ನಮ್ಮಲ್ಲಿ ಬಾಗಿಲಲ್ಲಿ ತಡೆಯುವ ಇನ್ನೊಂದು ವಸ್ತುವೆಂದರೆ ಭಾಷೆ. ಪಟ್ಟಣಗಳ ಕೂಟಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷೇ ನಡೆಯುತ್ತದೆ. ಉದ್ಯೋಗಕ್ಕೆ ಅದು ಬೇಕಾದೀತು, ನನ್ನ ಆಕ್ಷೇಪಣೆಯಿಲ್ಲ. ಆದರೆ ಕೆರೆಯ ತೂಬಿನ ಚರ್ಚೆ ನಡೆಯುವುದು ಕನ್ನಡದಲ್ಲಿ. ಕನ್ನಡದಲ್ಲಿಯೂ ಒಂದು ತೊಡಕುಂಟು: ವೇದಿಕೆಗೆ ಒಂದು ಕನ್ನಡ, ಮನೆಗೆ ಒಂದು ಕನ್ನಡವೆಂದು ನಾವು ವಿಭಾಗ ಮಾಡಿಕೊಂಡಿದ್ದೇವೆ. ಹಳ್ಳಿಯವನು ಎದ್ದುನಿಂತಾಗ ತನ್ನ ಮಾತು ಸಭೆಗೆ ತಕ್ಕುದಲ್ಲವೆಂದು ಹೆದರಿ, ಎಂದೂ ಆಡದ ಗ್ರಂಥದ ಪದಗಳನ್ನು ಹುಡುಕಹೊರಟು, ಅವು ಸಿಕ್ಕದೆ, ಇದ್ದ ಮಾತನ್ನೂ ಕಳೆದುಕೊಳ್ಳುತ್ತಾನೆ. ಸಭಾಭಾಷಣವೆಂಬುದು ಸಂಭಾಷಣೆಯನ್ನೇ ಸ್ವಲ್ಪ ಹಿಗ್ಗಿಸಿದ್ದು ಎಂಬುದು ಸ್ಮೆಡ್ಲಿಯವರ ಮತವಾಗಿತ್ತು. ಕುಂದಾಪುರದವನು ಕುಂದಾಪುರದ ಮಾತಿನಲ್ಲಿ, ಚಾಮರಾಜನಗರದವನು ಅಲ್ಲಿಯ ಮಾತಿನಲ್ಲಿ, ಧಾರವಾಡದವನು ಧಾರವಾಡದ ಮಾತಿನಲ್ಲಿ ಸಂಭಾಷಣೆಯನ್ನು ಹಿಗ್ಗಿಸಲಿ. ಗ್ರಾಂಥಿಕ ಭಾಷೆಯಲ್ಲಿ ಇಷ್ಟು ಹೊತ್ತು ಮಾತನಾಡಿದ ನಾನು ಇದನ್ನು ಹೇಳುವುದು ವಿನೋದವಾಗಿ ಕಂಡೀತು. ನನಗಾದರೋ ಕಾಗದವನ್ನು ನೋಡಿ ಓದುವ ಸೌಕರ್ಯವಿದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್ ಶಕ್ತಿಯ ಯಂತ್ರದಿಂದ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಇಲ್ಲಿಯ ಭಾಷಣಕಾರರಿಗೆ ಮತ್ತೊಂದು ಅನುಕೂಲವೂ ಉಂಟು: ಕೇಳುವವರು ಆಕಳಿಸಿದರೆ ನಮಗೆ ಕಾಣಿಸದು.

ಇಂಥ ಕೂಟವನ್ನು ಕಟ್ಟುವುದಕ್ಕೆ ಹಣ ಬೇಡ, ಕಟ್ಟಡ ಬೇಡ, ಅಮೆರಿಕದ ಅನುಮತಿಯೂ ಬೇಡ. ಶಾಲೆಯ ಒಂದು ಕೊಠಡಿ, ದೇವಸ್ಥಾನದ ಜಗಲಿ, ವಾಚನಾಲಯದ ಹಜಾರ, ಯಾವುದಾದರೂ ಸಾಕು. ಹತ್ತು ಹನ್ನೆರಡು ಜನ, ಒಂದು ಗಡಿಯಾರ, ಒಂದು ನೋಟುಪುಸ್ತಕ. ದೀಪಗಳಿಲ್ಲದಿದ್ದರೆ ಮೂರು ಬಣ್ಣದ ಬಟ್ಟೆಯ ತುಂಡುಗಳು. ಅಧ್ಯಕ್ಷತೆ ಸರದಿಯ ಮೇಲಿರಲಿ. ಊರಿನ ದೊಡ್ಡ ಮನುಷ್ಯರನ್ನು ಖಾಯಂ ಅಧ್ಯಕ್ಷರನ್ನಾಗಿ ಮಾಡಿದರೆ ಕೂಟವು ಆ ದಿನವೇ ಸಮಾರಂಭವಾಗಿಬಿಡುತ್ತದೆ. ಹಾರ ತುರಾಯಿ ಬೇಡ. ಇಬ್ಬರು ಮೂವರು ಬಾರದ ದಿನವೂ ಕೂಟ ನಿಲ್ಲಬಾರದು. ಐದು ಜನ ಬಂದರೆ ಐದು ಜನಕ್ಕೇ ನಡೆಯಲಿ.

ಹೊಸದಾಗಿ ಕೂಟವನ್ನು ಕಟ್ಟುವ ಶ್ರಮವೂ ಕೆಲವರಿಗೆ ಬೇಡ. 2000-01ರಲ್ಲಿ ಕರ್ನಾಟಕ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿತು. ಅದರಂತೆ ಹಳ್ಳಿಗಳಲ್ಲಿ ಹುಟ್ಟಿದ ಹೆಂಗಸರ ಗುಂಪುಗಳು ಉಳಿತಾಯದ ಹಣವನ್ನು ಕೂಡಿಸುವುದಕ್ಕೆ ವಾರಕ್ಕೊಮ್ಮೆ ಸೇರುವ ವಾಡಿಕೆಯನ್ನು ಬೆಳೆಸಿಕೊಂಡಿವೆ. ಗೊತ್ತಾದ ದಿನ, ಗೊತ್ತಾದ ಜನ, ಸರದಿಯ ಮೇಲೆ ಕೆಲಸ, ಲೆಕ್ಕದ ಪುಸ್ತಕ, ಸ್ಮೆಡ್ಲಿಯವರು ಊರೂರು ಸುತ್ತಿ ಪಟ್ಟ ಪಾಡಿನಲ್ಲಿ ಮುಕ್ಕಾಲುಪಾಲು ಇಲ್ಲಿ ಆಗಲೇ ಮುಗಿದಿದೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ. ಆ ಸ್ಥಾನಗಳಿಗೆ ಹೋಗುವವರಲ್ಲಿ ಇಂಥ ಗುಂಪುಗಳಿಂದ ಬಂದವರೂ ಇದ್ದಾರೆ. ಹಣದ ಲೆಕ್ಕವಾದ ಮೇಲೆ ಹದಿನೈದು ನಿಮಿಷ ಹೆಚ್ಚಾಗಿ ಕುಳಿತರೆ ಸಾಕು. ಒಬ್ಬಾಕೆ ಎದ್ದು ನಿಂತು, ಕುಳಿತಲ್ಲ, ಎದ್ದು ನಿಂತೇ, ಬೀದಿಯ ನಲ್ಲಿಯ ವಿಷಯವನ್ನೋ ಅಂಗನವಾಡಿಯ ಅಕ್ಕಿಯ ವಿಷಯವನ್ನೋ ಐದು ನಿಮಿಷ ಹೇಳಲಿ. ಪಕ್ಕದಾಕೆ ಗಡಿಯಾರವನ್ನು ಹಿಡಿಯಲಿ. ಮತ್ತೊಬ್ಬಾಕೆ, 'ಅಕ್ಕಾ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನು ನೀವು ಕೊನೆಗೆ ಹೇಳಿದಿರಿ, ಮೊದಲೇ ಹೇಳಿದ್ದರೆ ಚೆನ್ನಾಗಿತ್ತು' ಎಂದು ತಿದ್ದಲಿ. ಮುಂದಿನ ವಾರ ಆಕೆಯ ಸರದಿ.